ಬಚ್ಚಲು ಸೋತ ಸ್ಪರ್ಧೆ

"ಈ ಸಲ ಮನೆ ರಿಪೇರಿಗೆ ಜಗಳ ಇಲ್ಲ, ಗಲಾಟೆ ಇಲ್ಲ. ಎಲ್ಲ ಮಾರ್ಕಿನ ಮೇಲೆ!"

ಹಿರೇಗುತ್ತಿಯ ಕೃಷ್ಣಾನಂದ ಊಟದ ನಡುವೆ ಘೋಷಿಸಿದ. ಕುಮಟೆಯ ಕಚೇರಿಯೊಂದರಲ್ಲಿ ಟೆಂಡರುಗಳನ್ನು ತೂಗಿ ತೂಗಿಯೇ ತಲೆಗೂದಲು ಉದುರಿಸಿಕೊಂಡ ಗುಮಾಸ್ತ ಆತ. ಸದ್ಯಕ್ಕೆ ಒಂದೇ ಕೆಲಸ ಮಾಡಿಸಲು ಸಾಧ್ಯ. ಕಣದಲ್ಲಿದ್ದವರು ಮೂವರು: ಸೋರಿ ನೆಲವೆಲ್ಲ ಒದ್ದೆಯಾಗುವ ಅಡುಗೆಮನೆ, ಪಾಚಿಗಟ್ಟಿದ ಹಿತ್ತಲ ಬಚ್ಚಲು, ಹೊಂಡ ಬಿದ್ದ ಮುಂದಿನ ಜಗಲಿ.

"ಇದ್ರಲ್ಲಿ ತೂಗೂದೆಂತ ಬಂತು? ಅತ್ತೆ ದಿನಾ ಗೋಡೆ ಹಿಡ್ಕಂಡೇ ಬಚ್ಚಲಿಗೆ ಇಳೀತಾರೆ" ಎಂದಳು ಹೆಂಡತಿ ಕಲ್ಪನಾ.

"ಅದು ಬರೇ ಭಾವನೆ. ನಂದು ಪದ್ಧತಿ!"

ಮಾರ್ಕು ನಾಲ್ಕು ವಿಷಯಕ್ಕೆ: ಅವಶ್ಯಕತೆ, ಬಾಳಿಕೆ, ಅಂದ, ಊರವರ ಮೆಚ್ಚುಗೆ! ಅವಶ್ಯಕತೆಯಲ್ಲಿ ಬಚ್ಚಲು ಎಲ್ಲರನ್ನೂ ಹೊಡೆದುಹಾಕಿತು. ಅಂದದಲ್ಲಿ ಸೊನ್ನೆ. ಮೆಚ್ಚುಗೆಯಲ್ಲೂ ಸೊನ್ನೆ, ನೆಂಟರನ್ನು ಕರೆದು ಬಚ್ಚಲು ತೋರಿಸುವವರುಂಟೆ? ಜಗಲಿ ಭರ್ಜರಿ ಬಹುಮತದಿಂದ ಗೆದ್ದಿತು!

ತಾಯಿ ಮಾಸ್ತಮ್ಮ, "ಆತು ತಮಾ, ನಿಂಗೆ ಚೊಲೋ ಕಂಡಂಗೆ ಮಾಡು" ಎಂದರು.

ಜಗಲಿಗೆ ಗ್ರಾನೈಟು ಬಂತು. ಅದು ಮುಖ ಕಾಣುವಷ್ಟು ಹೊಳೆಯಿತು. ಪಕ್ಕದ ಮನೆಯ ರಾಜೀವನನ್ನು ಅದರ ಮೇಲೆ ಕೂರಿಸಿ ಕೃಷ್ಣಾನಂದ ತನ್ನ ಪದ್ಧತಿಯನ್ನು ವಿವರಿಸುತ್ತಿದ್ದಾಗಲೇ ಹಿತ್ತಲಿನಿಂದ ಕಲ್ಪನಾ ಚೀರಿದಳು.

ಮಾಸ್ತಮ್ಮ ಬಚ್ಚಲ ಕಲ್ಲಿನ ಮೇಲೆ ಬಿದ್ದಿದ್ದರು. ಸೊಂಟ ಮುರಿದಿತ್ತು. ಶಸ್ತ್ರಚಿಕಿತ್ಸೆಯೇನೋ ಆಯಿತು, ಈ ವಯಸ್ಸಿಗೆ ಮತ್ತೆ ನಡೆಯುವುದು ಕಷ್ಟ ಎಂದರು ಡಾಕ್ಟರು. ಮನೆಗೆ ತಂದರೆ, ರೋಗಿಯ ಮಂಚ ಹಳೆಯ ಬಾಗಿಲಲ್ಲಿ ತೂರಲೇ ಇಲ್ಲ! ಜಗಲಿಯಲ್ಲೇ ಹಾಕಿದರು. ರಸ್ತೆಗೆ ಕಾಣಲೆಂದು ಕಟ್ಟಿಸಿದ ಜಗಲಿಗೆ, ರಸ್ತೆಗೆ ಕಾಣದಂತೆ ಕಲ್ಪನಾ ಹಳೆ ಸೀರೆಗಳನ್ನು ಕಟ್ಟಿದಳು.

ನೋಡಲು ಬಂದ ರಾಜೀವ ಮಾಸ್ತಮ್ಮನನ್ನು ಕಂಡು ಲೊಚಗುಟ್ಟಿದ. ಆಮೇಲೆ ನೆಲ ಸವರಿ, "ಕಲ್ಲು ಮಾತ್ರ ಭಾರೀ ಚೊಲೋ ಕೂತದೆ ಮಾರಾಯಾ!" ಎಂದ.

ಅವನು ಹೋದ ಮೇಲೆ ಕೃಷ್ಣಾನಂದ ತಾಯಿಯ ಕಾಲ ಬಳಿ ಕೂತ.

"ಆಯೀ, ನಾಳೆನೇ ಮೇಸ್ತ್ರಿ ಕರೀತೆ. ಮಾರ್ಕೂ ಬ್ಯಾಡ, ಎಂತದೂ ಬ್ಯಾಡ. ಬಚ್ಚಲೇ ಮೊದ್ಲು!"

ಮಾಸ್ತಮ್ಮ ಮಗನ ಕೈ ಸವರಿದರು.

"ನಾ ಇನ್ನು ಬಚ್ಚಲಿಗೆ ಹೋಗೂದೆಲ್ಲಿ ತಮಾ? ಅಡುಗೆಮನೆ ಸೋರೂದು ನಿಲ್ಸು. ಕಲ್ಪನಾಳ ಸೊಂಟನಾದ್ರೂ ಉಳೀಲಿ."