ಕಾವಲುಗಾರನ ಮನೆಯ ಸಾರು

ದೋಣಿಯ ತಳಕ್ಕೆ ಕಚ್ಚಿಕೊಳ್ಳುವ ಚಿಪ್ಪುಹುಳುಗಳನ್ನು ಕೆರೆದು ಕೆರೆದು ಮೀನುಗಾರ ತಕ್ ಮಾನ್ಹೊನ ಸೊಂಟ ಬಾಗಿದ ಮೊಳೆಯಂತಾಗಿತ್ತು. ಅಂಥವನ ಕಿವಿಗೆ ಊರ ಸಭಾಭವನದಲ್ಲಿ ವಿಶ್ವವಿದ್ಯಾಲಯದ ಮೇಡಂ ಹೇಳಿದ ಮಾತೊಂದು ಬಿತ್ತು. ಕಡಲಹುಲ್ಲಿನಲ್ಲಿ ಝೋಸ್ಟೆರಿಕ್ ಆಮ್ಲ ಎಂಬ ರಸಾಯನ ತಾನಾಗಿಯೇ ಇರುತ್ತದಂತೆ. ಅದಿದ್ದಲ್ಲಿ ಚಿಪ್ಪುಹುಳು ಅಂಟುವುದು ಕಷ್ಟವಂತೆ. ಅದನ್ನು ಬೇರ್ಪಡಿಸುವುದು ಯಾಕೆ ಸುಲಭವಲ್ಲ ಎಂದೂ ಮೇಡಂ ವಿವರಿಸಿದರು. ಅಷ್ಟರಲ್ಲಿ ಮಾನ್ಹೊ ಗೊರಕೆ ಹೊಡೆಯುತ್ತಿದ್ದ.

ತೊಂದರೆಯೆಂದರೆ, ಆ ಹುಲ್ಲನ್ನು ಕೀಳುವಂತಿರಲಿಲ್ಲ. ಮೀನು, ಬೊಂಡಾಸು ಮೊಟ್ಟೆಯಿಡುವ ಜಾಗವೆಂದು ನಮ್ಹೆ ದ್ವೀಪದ ಆ ಹಳ್ಳಿಯ ಮೀನುಗಾರರ ಸಂಘ ನಿಷೇಧ ಹಾಕಿತ್ತು. ಇನ್ನೂ ದೊಡ್ಡ ತೊಂದರೆಯೆಂದರೆ, ಅದರ ಕಾವಲಿಗೆ ನೇಮಿಸಿದ್ದು ಮಾನ್ಹೊನನ್ನೇ.

ಹೆಂಡತಿ ಸುನ್ರ್ಯೆ ಸಂತೆಗೆ ಹೋದ ಬೆಳಿಗ್ಗೆ, ಕಾವಲಿನ ಪಟ್ಟಿಯನ್ನು ತೋಳಿಗೆ ಕಟ್ಟಿಕೊಂಡೇ ಹೋಗಿ ಒಂದು ಬುಟ್ಟಿ ಹುಲ್ಲು ಕಿತ್ತು ತಂದ. ರಸ ಇಳಿಸಿ ದೋಣಿಯ ತಳಕ್ಕೆ ಬಳಿಯೋಣವೆಂದು ಅಂಗಳದ ಒಲೆಯ ಮೇಲೆ ದೊಡ್ಡ ಹಂಡೆಯಿಟ್ಟು ಕುದಿಸತೊಡಗಿದ. ವಾಸನೆ ಗೋಡೆ ಹಾರಿತು. ಅದರ ಹಿಂದೆಯೇ ಪಕ್ಕದ ಮನೆಯ ಯೊಸು ಅಜ್ಜಿಯ ತಲೆ ಗೋಡೆಯ ಮೇಲೆ ಎದ್ದಿತು.

"ಏನೋ ಮಾನ್ಹೊ, ಇಷ್ಟು ದೊಡ್ಡ ಹಂಡೇಲಿ ಏನು ಬೇಯಿಸ್ತಿದ್ದೀಯ?"

"ಅದು... ಕಡಲಕಳೆ ಸಾರು, ಅಜ್ಜಿ."

"ಕಡಲಕಳೆ ಸಾರಾ? ಅದನ್ನ ಮಾಡೋದು ಬಾಣಂತಿಗೆ, ಇಲ್ಲಾ ಹುಟ್ಟುಹಬ್ಬಕ್ಕೆ. ಬಾಣಂತಿ ಇಲ್ಲ ನಿಮ್ಮನೇಲಿ. ಹಾಗಾದ್ರೆ ಯಾರ ಹುಟ್ಟುಹಬ್ಬ?"

"ಸುನ್ರ್ಯೆದು," ಎಂದುಬಿಟ್ಟ, ಬಾಯಿಗೆ ಬಂದದ್ದನ್ನು.

ಅಜ್ಜಿಯ ಕಿವಿಗೆ ಬಿದ್ದದ್ದು ಊರಿಗೆಲ್ಲ ಬಿದ್ದಂತೆ. ಮಧ್ಯಾಹ್ನದೊಳಗೆ ಅಂಗಳದ ತುಂಬ ಜನ. ಒಬ್ಬರು ಅಕ್ಕಿ ಕಡುಬು ತಂದರು, ಇನ್ನೊಬ್ಬರು ಮಕ್ಕಳಿ ಎಂಬ ಅಕ್ಕಿಯ ಹೆಂಡ ತಂದು ಬಟ್ಟಲಿಗೆ ಸುರಿದರು. ಸಂಘದ ಅಧ್ಯಕ್ಷ ಜು ಸಾಂಗ್‌ಪಿಲ್ ಚಾಪೆಯ ನಡುವೆ ಕೂತು, "ಹಾಕೋ ನಾಲ್ಕು ಬಟ್ಟಲು! ಹೆಂಡ್ತಿಗೋಸ್ಕರ ಸೌಟು ಹಿಡಿದ ಗಂಡಸನ್ನ ಈ ಊರಲ್ಲಿ ಮೊದಲ ಸಲ ನೋಡ್ತಿದ್ದೀನಿ" ಎಂದ.

"ಇನ್ನೂ ಬೆಂದಿಲ್ಲ ಯಜಮಾನ್ರೇ!" ಮಾನ್ಹೊ ಮೊಟ್ಟೆಗೆ ಕೂತ ಕೋಳಿಯಂತೆ ಹಂಡೆಯನ್ನು ಕಾಯುತ್ತಿದ್ದ. ಅಜ್ಜಿ ಅವನನ್ನು ಪಕ್ಕಕ್ಕೆ ತಳ್ಳಿ ತಾನೇ ಬಡಿಸಿದಳು.

ಅಷ್ಟರಲ್ಲಿ ಸಂತೆಯಿಂದ ಸುನ್ರ್ಯೆ ಬಂದಳು. ಜನರೆಲ್ಲ ಶುಭಾಶಯ ಕೂಗಿದರು. ಅವಳು ಬೆರಗಾಗಿ ಗಂಡನನ್ನು ನೋಡಿದಳು. ಗಂಡ ನೆಲ ನೋಡಿದ.

ಅಧ್ಯಕ್ಷ ಒಂದು ಗುಟುಕು ಕುಡಿದು ಮುಖ ಕಿವುಚಿದ. ಊಟದ ಕಡ್ಡಿಯಿಂದ ಎತ್ತಿದರೆ ರಿಬ್ಬನ್ನಿನಂಥ ಉದ್ದನೆಯ ಎಲೆ ತೊಟ್ಟಿಕ್ಕುತ್ತ ನೇತಾಡಿತು.

"ಇದು ಕಡಲಕಳೆ ಅಲ್ಲ. ನಮ್ಮ ಹುಲ್ಲು! ಕಾವಲುಗಾರನೇ ಕಿತ್ತಿದ್ದಾನೆ!"

ತೋಳಿನ ಪಟ್ಟಿ ಕಾದ ಕಬ್ಬಿಣದಂತೆ ಸುಟ್ಟಿತು. ತಾನೂ ಹಂಡೆಯೊಳಗೆ ಇಳಿದು ಮುಚ್ಚಳ ಹಾಕಿಕೊಳ್ಳಬೇಕೆನ್ನಿಸಿತು ಮಾನ್ಹೊಗೆ.

ಸುನ್ರ್ಯೆ ಮುಂದೆ ಬಂದು ಅದೇ ಬಟ್ಟಲೆತ್ತಿ ಗಟಗಟ ಕುಡಿದಳು.

"ಬೈಬೇಡಿ ಯಜಮಾನ್ರೇ. ಚಿಕ್ಕವಳಿದ್ದಾಗ ಈ ಹುಲ್ಲಿನ ಬೇರಿನ ಸಿಹಿ ಜಗೀತಾ ಬೆಳೆದೋಳು ನಾನು. ಸಾಯೋದ್ರೊಳಗೆ ಇನ್ನೊಂದು ಸಲ ಆ ರುಚಿ ನೋಡ್ಬೇಕು ಅಂತ ಇವರನ್ನ ಕಾಡಿದ್ದೆ. ಪಾಪ, ನನಗೋಸ್ಕರ ಮಾಡಿದ್ದು."

ಹೆಂಗಸರು ಸೆರಗಿಲ್ಲದ್ದಕ್ಕೆ ತೋಳಿನಲ್ಲೇ ಕಣ್ಣೊರೆಸಿಕೊಂಡರು. ತಂತಮ್ಮ ಗಂಡಂದಿರನ್ನು ತಿವಿದರು. ಅಷ್ಟು ಹೆಂಗಸರೆದುರು ಅಧ್ಯಕ್ಷನ ಸಿಟ್ಟು ಇಳಿಯಿತು. "ಆಯ್ತು, ಕಿತ್ತಷ್ಟು ಮತ್ತೆ ನೆಟ್ಟರೆ ಸಾಕು" ಎಂದು ಎದ್ದ.

ಕೊನೆಯ ನೆಂಟರೂ ಹೋದ ಮೇಲೆ ಮಾನ್ಹೊ ಬಟ್ಟಲುಗಳನ್ನು ಒಟ್ಟುಮಾಡುತ್ತ ಹೇಳಿದ. "ನೀನು ಹೀಗೆ ಕಾಡಿದ್ದು ನನಗೆ ನೆನಪೇ ಇಲ್ಲ ಕಣೇ. ಆದ್ರೂ ನೋಡು, ನಾನು ಬಾಯಿಗೆ ಬಂದ ಹಾಗೆ ಹೇಳಿದ್ದು, ನಿನ್ನ ಹುಟ್ಟುಹಬ್ಬದ ದಿನಾನೇ ಸರಿಯಾಗಿ..."

ಸುನ್ರ್ಯೆ ಬಾಗಿಲು ಹಾಕಿ ಹತ್ತಿರ ಬಂದಳು.

"ಕಾಡಿದ್ದೂ ಸುಳ್ಳು. ಹುಟ್ಟುಹಬ್ಬ ಹೋದ ತಿಂಗಳೇ ಆಯ್ತು. ಆವತ್ತು ನಾನೇ ಸಾರು ಮಾಡ್ಕೊಂಡೆ. ನೀವೂ ಎರಡು ಬಟ್ಟಲು ಕುಡಿದು, ಉಪ್ಪು ಜಾಸ್ತಿ ಅಂದ್ರಿ."