ಮುಗಿಯದ ಡೇಟಾ, ಮುಗಿಸಬೇಕಾದ ಡೇಟಾ

ಮನೆತನದಲ್ಲಿ ಮೊಟ್ಟಮೊದಲು ಡಿಗ್ರಿ ಮಾಡಿದವರನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಅದರಿಂದ ಜೀವನಪೂರ್ತಿ ಅಂಟಿಕೊಳ್ಳುವ ಕೆಲಸದ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ನಾನು ಬಿ.ಕಾಂ. ಖಾನಾಪುರದಿಂದ ಬೆಳಗಾವಿಗೆ ದಿನಾ ಬೆಳಿಗ್ಗೆ ರೈಲಿನಲ್ಲಿ ನಿಂತು ಹೋಗಿ, ಸಂಜೆ ನಿಂತೇ ಬಂದು ಮಾಡಿದ ಬಿ.ಕಾಂ. ಇದನ್ನು ನಾನು ಮರೆತಿಲ್ಲ, ಬೇರೆಯವರಿಗೂ ಮರೆಯಲು ಬಿಟ್ಟಿಲ್ಲ. ಹೀಗಾಗಿ ಗುಳಿಗೆಯ ಮೇಲಿನ ಅಕ್ಷರ ಓದುವುದರಿಂದ ಹಿಡಿದು ವಾಷಿಂಗ್ ಮಷಿನ್ನಿನ ಯಾವ ಗುಂಡಿ ಒತ್ತಬೇಕು ಎನ್ನುವವರೆಗೆ ಎಲ್ಲ ತೀರ್ಮಾನವೂ ನನ್ನ ಪಾಲಿಗೆ ಬಂತು. ಒಮ್ಮೆ ಸೋದರಮಾವ ಎಮ್ಮೆ ಕೊಳ್ಳಲು ಹೊರಟವರು ನನ್ನನ್ನೂ ಕರೆದರು. "ಮಾಮಾ, ನನಗ ಎಮ್ಮಿದು ಏನ ತಿಳಿತೈತಿ?" ಎಂದೆ. "ಮತ್ತ ಅಷ್ಟ ವರ್ಷ ಕಾಲೇಜಿನ್ಯಾಗ ಏನ ಮಾಡಿದಿ?" ಎಂದರು. ಹೋದೆ. ಎಮ್ಮೆಯನ್ನು ಒಂದು ಸುತ್ತು ಹಾಕಿ, ಪದವೀಧರೆಗೆ ತಕ್ಕ ಗಾಂಭೀರ್ಯದಿಂದ ತಲೆಯಾಡಿಸಿದೆ. ದುರದೃಷ್ಟವಶಾತ್ ಆ ಎಮ್ಮೆ ಚೆನ್ನಾಗಿ ಹಾಲು ಕೊಟ್ಟಿತು.

ಹೀಗಿರುವಾಗ ಅವ್ವನ ಮೊಬೈಲಿಗೆ ಯಾವ ಪ್ಯಾಕ್ ಹಾಕಿಸಬೇಕೆಂಬ ಪ್ರಶ್ನೆ ಬೇರೆ ಯಾರ ಹತ್ತಿರ ಹೋಗಬೇಕು? ಅವ್ವ ಖಾನಾಪುರದಲ್ಲಿ ಅಣ್ಣನ ಮನೆಯಲ್ಲಿದ್ದಾಳೆ, ಇಡೀ ಮನೆಯನ್ನು ಅವಳೇ ಆಳುತ್ತಾಳೆ. ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಅವಳ ನಂಬರಿಗೆ ಇಲ್ಲಿಂದಲೇ ರೀಚಾರ್ಜ್ ಮಾಡುತ್ತೇನೆ. ಮೊದಲು ಹಾಕಿಸಿದ್ದು ದಿನಕ್ಕೆ ಇಷ್ಟು ಡೇಟಾ ಎಂದು ಅಳೆದು ಕೊಡುವ ಪ್ಯಾಕ್. ಉಳಿದದ್ದು ಮರುದಿನಕ್ಕೆ ಬರುವುದಿಲ್ಲ ಎಂದು ಮಾತಿಗೆ ಹೇಳಿದ್ದೇ ತಪ್ಪಾಯಿತು. ನಮ್ಮದು ಲಿಂಗಾಯತರ ಮನೆ. ತಾಟಿಗೆ ಬಿದ್ದದ್ದು ಪ್ರಸಾದ, ಒಂದು ಅಗುಳನ್ನೂ ಬಿಟ್ಟು ಏಳುವಂತಿಲ್ಲ. ಅವ್ವ ಈಗಲೂ ಉಂಡ ತಾಟಿಗೆ ನೀರು ಹಾಕಿ ಬೆರಳಲ್ಲಿ ತೊಳೆದು ಕುಡಿಯುತ್ತಾಳೆ. ಅಂಥವಳಿಗೆ ನಾನು ಹೇಳಿದ್ದು ಹೇಗೆ ಕೇಳಿಸಿರಬೇಡ!

"ಉಳದದ್ದು ಎಲ್ಲಿ ಹೋಗ್ತೈತಿ?"

"ಎಲ್ಲೂ ಹೋಗಂಗಿಲ್ಲ ಯವ್ವಾ, ಹಾಳಾಗ್ತೈತಿ."

"ಯಾರಿಗರೆ ಕೊಡ್ತಾರೇನು?"

"ಇಲ್ಲ."

"ದನಕ್ಕರೆ ಹಾಕ್ತಾರೇನು?"

"ಡೇಟಾ ಹೆಂಗ ದನಕ್ಕ ಹಾಕ್ತಾರ ಯವ್ವಾ?"

"ಹಂಗಾರ ಪಾಪ ಬರ್ತೈತಿ. ಇದನ್ನ ಮುಗಸೂದ ಹೆಂಗ, ಅದನ್ನ ಹೇಳು."

ನಾನು ಹೇಳಿಕೊಟ್ಟ ದಾರಿ ವಿಡಿಯೊ ಕಾಲ್. ಅವ್ವ ತನ್ನ ತಂಗಿಗೆ, ಅಂದರೆ ನನ್ನ ಶಾಂತಾ ಚಿಗವ್ವನಿಗೆ, ಸಂಜೆ ಕಾಲ್ ಮಾಡತೊಡಗಿದಳು. ಚಿಗವ್ವ ಬೆಳಗಾವಿಯ ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿದ್ದಾಳೆ. ಕಾಕಾ ಹೋದ ಮೇಲೆ, ಮಗ ಸೊಸೆ ಅಂಗಡಿ ಮುಚ್ಚಿ ಬರುವವರೆಗೆ ಮನೆಯಲ್ಲಿ ಒಬ್ಬಳೇ. ಒಂದು ದಿನ ಖಾನಾಪುರಕ್ಕೆ ಹೋದಾಗ ನೋಡಿದೆ. ಅವ್ವನ ಫೋನು ಉಪ್ಪಿನಕಾಯಿ ಭರಣಿಗೆ ಒರಗಿ ನಿಂತಿತ್ತು. ಇತ್ತ ಅವ್ವ ಅಕ್ಕಿ ಆರಿಸುತ್ತಿದ್ದಳು, ಅತ್ತ ಚಿಗವ್ವ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಇಬ್ಬರದೂ ಮಾತಿಲ್ಲ. ಬಹಳ ಹೊತ್ತಿನ ಮೇಲೆ ಚಿಗವ್ವ, "ಅಕ್ಕ್ಯಾಗ ಹರಳ ಭಾಳ ಅದಾವೇನ ಅಕ್ಕಾ?" ಎಂದಳು. "ಹೂಂ," ಎಂದಳು ಅವ್ವ. ನಾನು ತಡೆಯಲಾರದೆ, "ಸುಮ್ಮ ಕುಂದರಾಕ ಕಾಲ್ ಯಾಕ ಬೇಕು?" ಎಂದು ಕೇಳಿದೆ. "ಮಾತಾಡಬೇಕಂತ ಕಂಪನಿಯವರು ಹೇಳ್ಯಾರೇನು?" ಎಂದಳು ಅವ್ವ.

ಉಳಿದದ್ದನ್ನು ಮುಗಿಸಲು ಶುರುವಾದ ಕಾಲ್ ಬರಬರುತ್ತ ಉದ್ದವಾಯಿತು, ಡೇಟಾ ಕಡಿಮೆ ಬೀಳತೊಡಗಿತು. ಚಿಗವ್ವ ಏನೋ ಹೇಳಲು ಬಾಯಿ ತೆರೆದವಳು ಪರದೆಯ ಮೇಲೆ ಹಾಗೆಯೇ ನಿಂತುಬಿಡುತ್ತಿದ್ದಳು. ಅವ್ವ ಗಾಬರಿಯಾಗಿ ನನಗೆ ಫೋನ್ ಮಾಡುತ್ತಿದ್ದಳು: "ಶಾಂತಾ ತಗದ ಬಾಯಿ ಮುಚ್ಚವಲ್ಲಳು, ಏನರೆ ಮಾಡು." ಅಷ್ಟರಲ್ಲಿ ಪ್ಯಾಕಿನ ಅವಧಿಯೂ ಮುಗಿಯುತ್ತ ಬಂತು. ಈ ಸಲ ಶಾಸ್ತ್ರೋಕ್ತವಾಗಿ ಆರಿಸಬೇಕೆಂದು ನಾನು ಎಲ್ಲ ಪ್ಯಾಕುಗಳನ್ನೂ ಎದುರು ಬದುರು ಇಟ್ಟು ಹೋಲಿಸಿದೆ, ಆಫೀಸಿನ ಕೆಲಸಕ್ಕೂ ಇಷ್ಟು ತಲೆ ಕೆಡಿಸಿಕೊಂಡವಳಲ್ಲ. ಕೊನೆಗೆ ಟಿಳಕವಾಡಿಯ ಮೊಬೈಲ್ ಅಂಗಡಿಯವನನ್ನೂ ಕೇಳಿದೆ. "ಅನ್‌ಲಿಮಿಟೆಡ್ ತಗೋರಿ ಅಕ್ಕಾರ. ವರ್ಷದ್ದ ಹಾಕಿಸಿಬಿಡ್ರಿ, ಟೆನ್ಶನ್ ಕಮಿ," ಎಂದ. ನನ್ನ ತೀರ್ಮಾನವೂ ಅದೇ ಆಗಿದ್ದರಿಂದ ಅವನು ಬುದ್ಧಿವಂತನಾಗಿ ಕಂಡ. ಹಾಕಿಸಿದೆ. ಭಾನುವಾರ ಖಾನಾಪುರಕ್ಕೆ ಹೋಗಿ, "ಯವ್ವಾ, ಇನ್ನ ಎಷ್ಟ ಮಾತಾಡಿದ್ರೂ ಮುಗಿಯಂಗಿಲ್ಲ," ಎಂದು ಘೋಷಿಸಿದೆ. ಅವ್ವ ಬಾಜು ಮನೆಯ ಮರಾಠಿ ಕಾಕುವಿಗೆ ಅದನ್ನು ಮರಾಠಿಯಲ್ಲಿ ಹೇಳಿದಳು. ಕಾಕು ನನ್ನನ್ನು ನೋಡಿದ ನೋಟದಲ್ಲಿ, ಡೇಟಾದ ಬಾವಿ ತೋಡಿಸಿದವಳು ನಾನೇ ಎಂಬ ಗೌರವವಿತ್ತು.

ಕೆಲವು ದಿನಗಳ ನಂತರ ರವಿವಾರ ಪೇಟೆಗೆ ಕಾಳು ಕೊಳ್ಳಲು ಹೋದವಳು ಚಿಗವ್ವನ ಮನೆ ಹೊಕ್ಕೆ. ಸಂಜೆಯ ಹೊತ್ತು. ಮುಂದೆ ಸೊಪ್ಪಿತ್ತು, ಡಬ್ಬಿಗೆ ಒರಗಿಸಿದ ಫೋನಿತ್ತು. ಆದರೆ ಅದರಲ್ಲಿ ಬೆಳಕಿರಲಿಲ್ಲ.

"ಬಾ ಬೇ, ಕುಂದ್ರು," ಎಂದ ಚಿಗವ್ವ ಮಣೆ ಸರಿಸಿಕೊಟ್ಟು, "ನಿಮ್ಮವ್ವ ನನ್ನ ಮ್ಯಾಲ ಸಿಟ್ಟಾಗ್ಯಾಳೇನು?" ಎಂದು ಕೇಳಿದಳು.

"ಇಲ್ಲಲ್ಲ, ಯಾಕ?"

"ಕಾಲ್ ಮಾಡೂದ ಬಿಟ್ಟಾಳ. ನಾ ಏನರೆ ತಪ್ಪ ಮಾತಾಡಿದ್ನೇನು ಅಂತ ನೆನಸಾಕತ್ತೇನಿ. ನಾವು ಮಾತ ಆಡಿಲ್ಲ, ತಪ್ಪ ಎಲ್ಲಿಂದ ಬರ್ಬೇಕು?"

"ನಿಮ್ಮ ಮನ್ಯಾಗ ವೈಫೈ ಐತಿ, ನೀನ ಕಾಲ್ ಹಚ್ಚಬೇಕಿತ್ತು."

"ದೊಡ್ಡಾಕಿ ಅಕಿ. ಅಕಿಗೆ ಬ್ಯಾಡಾಗಿದ್ರ ನಾ ಹೆಂಗ ಬೆನ್ನ ಹತ್ತಲಿ?" ಎಂದು ಸೊಪ್ಪಿನ ಕಡೆ ನೋಡಿದಳು. ಆ ಸೊಪ್ಪು ಅವಳು ಆಗಲೇ ಬಿಡಿಸಿ ಮುಗಿಸಿದ್ದಾಗಿತ್ತು.

ಓಣಿಯ ತುದಿಗೆ ಬಂದು ಅವ್ವನಿಗೆ ಫೋನ್ ಮಾಡಿ, ಚಿಗವ್ವನಿಗೆ ಯಾಕೆ ಕಾಲ್ ಮಾಡಿಲ್ಲ ಎಂದು ಕೇಳಿದೆ. ಅವ್ವನಿಗೆ ಏನೂ ಆಗಿರಲಿಲ್ಲ. "ಹಚ್ಚಿದ್ರಾತು ತಗೋ," ಎಂದಳು ಆರಾಮವಾಗಿ. "ಇವತ್ತ ಶ್ಯಾವಿಗಿ ಕೆಲಸ ಇತ್ತು, ನಿನ್ನಿ ಬ್ಯಾರೆ ಏನೋ ಇತ್ತು. ಎಲ್ಲಿ ಹೋಗ್ತೈತಿ ಅದು? ಮುಗಿಯಂಗಿಲ್ಲ ಅಂತ ನೀನ ಹೇಳಿದಿ." ಹಾಳಾಗುವುದಿದ್ದರೆ ಮಾತ್ರ ಅವ್ವ ಅವಸರ ಮಾಡುವವಳು. ಹಾಳಾಗದ್ದನ್ನು ಅವಳು ಅಟ್ಟದ ಮೇಲೆ ಎತ್ತಿಟ್ಟುಬಿಡುತ್ತಾಳೆ. ಚಿಗವ್ವನ ಮುಖ ಹೇಗಿತ್ತೆಂದು ಹೇಳಬಹುದಿತ್ತು. ಹೇಳಿದ್ದರೆ, "ಅಷ್ಟಕ್ಕ ಮುನಸೇನು ಅಕಿಗೆ?" ಎಂದು ಇವಳೂ ಒಂದು ಮುನಿಸು ಶುರುಮಾಡುವವಳು. ಅದಕ್ಕೇ ನಾನು, "ಯವ್ವಾ, ಕಂಪನಿಯವರು ನಿಯಮ ಬದಲ ಮಾಡ್ಯಾರ. ಮತ್ತ ಮೊದಲಿನಂಗ ದಿನದ್ದು ದಿನಾ ಮುಗಸಬೇಕಂತ," ಎಂದೆ.

"ಅಯ್ಯ ಇವರ! ಮೊದಲ ಹೇಳಬಾರದ? ಇವತ್ತಿಂದು ಇನ್ನೂ ಹಂಗ ಕುಂತೈತಿ," ಎಂದು ಅವ್ವ ಫೋನ್ ಇಟ್ಟೇಬಿಟ್ಟಳು. ತಿರುಗಿ ಹೋಗಿ ಕಿಟಕಿಯಿಂದ ಇಣುಕಿದೆ. ಚಿಗವ್ವನ ಮುಖದ ಮೇಲೆ ಫೋನಿನ ಬೆಳಕು ಬಿದ್ದಿತ್ತು. ಇಬ್ಬರೂ ಸುಮ್ಮನಿದ್ದರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಚಿಗವ್ವನ ಕಾಲ್ ಮುಗಿದ ಮೇಲೂ ಡೇಟಾ ಉಳಿದಿದ್ದರೆ ಅದನ್ನು ಯಾರಾದರೂ ಮುಗಿಸಬೇಕಲ್ಲ? ಈಗ ಆಫೀಸಿನಿಂದ ಬಂದು ಚಹಾಕ್ಕೆ ಇಡುವಷ್ಟರಲ್ಲಿ ಅವ್ವನ ಕಾಲ್ ಬರುತ್ತದೆ. ಅರ್ಧ ಅವಳ ಹಣೆ ಕಾಣುತ್ತದೆ, ಅರ್ಧ ಅಡುಗೆಮನೆಯ ಸೂರಿನ ಹಂಚು. ಇಷ್ಟು ವರ್ಷ ನಮ್ಮಿಬ್ಬರ ಮಾತು "ಉಂಡೇನು?", "ಉಂಡೆ," ಎಂಬಲ್ಲಿಗೆ ತೀರುತ್ತಿತ್ತು, ಓದಿದ ಮಗಳಿಗೆ ಬಿಡುವಿರುವುದಿಲ್ಲವೆಂದು ಅವ್ವ, ನನಗೆ ಬಿಡುವಿಲ್ಲವೆಂದೇ ನಾನೂ ನಂಬಿದ್ದೆವು. ಈಗ ಪ್ರತಿ ಸಂಜೆ ಅವಳು ನಡುನಡುವೆ ಕೇಳುತ್ತಾಳೆ, "ಇನ್ನ ಎಷ್ಟ ಉಳದೈತಿ ನೋಡು." ಲೆಕ್ಕದಲ್ಲಿ ಇಲ್ಲದ ಅಂಕಿ ಬರೆಯಬಾರದು ಎಂದು ಕಾಲೇಜಿನಲ್ಲಿ ಕಲಿತವಳು ನಾನು, ಆಫೀಸಿನಲ್ಲಿ ಹೊಸಬರಿಗೆ ಅದನ್ನೇ ಕಲಿಸುತ್ತೇನೆ. ಫೋನನ್ನು ಸ್ವಲ್ಪ ದೂರ ಹಿಡಿದು ನೋಡಿದಂತೆ ಮಾಡಿ ಹೇಳುತ್ತೇನೆ, "ಇನ್ನೂ ಭಾಳ ಐತಿ ಯವ್ವಾ, ಮಾತಾಡು."