ಕಾಕಾ ತಕರಾರು ನಿಲ್ಲಿಸಿದ್ದು

ನಮ್ಮ ಕಾಕಾ ಸ್ವರ್ಗಕ್ಕೆ ಹೋದರೂ ಅಲ್ಲಿಯ ಚಹಾದಲ್ಲಿ ಸಕ್ಕರೆ ಜಾಸ್ತಿ ಎಂದು ಜಗಳ ತೆಗೆಯುವವರು. ಇದು ನನ್ನ ಮಾತಲ್ಲ, ಅವರೊಂದಿಗೆ ಸಂಸಾರ ಮಾಡಿದ ಕಾಕುವಿನದು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಅವರ ಗೇಟಿನ ಮುಂದೆ ಹಾಯುವವರೆಲ್ಲ ಹೆಜ್ಜೆ ಚುರುಕು ಮಾಡುತ್ತಿದ್ದರು. ಸಿಕ್ಕಿಬಿದ್ದರೆ ಬಿಡುವುದುಂಟೆ? ನಲ್ಲಿಯಲ್ಲಿ ವಾರಗಟ್ಟಲೆ ನೀರು ಬಾರದಿದ್ದಾಗ ಬೈದರು, ಸರಿ. ದಿನವಿಡೀ ನೀರು ಬರತೊಡಗಿದಾಗಲೂ ಬೈದರು! "ಯಾವಾಗ ನೋಡಿದ್ರೂ ನೀರು ಬಂದ್ರ ಹ್ಯಾಂಗ್ರೀ? ತುಂಬಿಡೂ ಶಿಸ್ತು ಮಂದೀಗೆ ಎಲ್ಲಿಂದ ಬರಬೇಕು?"

ಒಂದು ಮದುವೆಯಲ್ಲಿ ಹೋಳಿಗೆಯ ಹೂರಣ ಒಣಗಿದೆ ಎನ್ನುತ್ತಲೇ ಮತ್ತೆ ಮತ್ತೆ ಹಾಕಿಸಿಕೊಂಡರು.

"ಮತ್ತ ಇಷ್ಟ್ಯಾಕ ತಿಂದ್ರಿ?" ಎಂದರು ಕಾಕು.

"ಒಂದರ ಛಲೋ ಸಿಗತದೇನೋ ಅಂತ ಹುಡುಕಿದೆ!"

ಇಂಥವರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಜನ್ಮದಲ್ಲಿ ಒಂದು ಬೀಡಿ ಮುಟ್ಟಿದವರಲ್ಲ. ಆದರೆ ನೋಡಲು ಬಂದ ಮಂದಿ ಬಿಡಬೇಕಲ್ಲ! ಚಹಾ ಕುಡಿದು, ದನಿ ತಗ್ಗಿಸಿ, "ಮೊದ್ಲ ಏನರ ಸೇದತಿದ್ರೇನ್ರೀ?" ಎಂದು ಕೇಳುವುದು. ಹೌದು ಎಂದುಬಿಟ್ಟರೆ ತಾವು ಪಾರು ಎಂಬ ಲೆಕ್ಕಾಚಾರ. ಆ ಮಂದಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕಾಕಾ ಮಾತ್ರ ತಣ್ಣಗೆ ಹೇಳುತ್ತಿದ್ದರು: "ಸೇದತೀನಲ್ಲ, ಹುಬ್ಬಳ್ಳಿ ಧೂಳಾ. ನೀವೂ ಅದನ್ನ ಸೇದಾಕತ್ತೀರಿ. ನಿಮ್ಮ ಪಾಳಿನೂ ಬರ್ತದ, ತಡೀರಿ." ಬಂದವರು ಬಿಸ್ಕಿಟು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

ಗಡ್ಡೆಯ ಚೂರು ತೆಗೆದು ಜೀನ್ ಪರೀಕ್ಷೆಗೆ ಕಳಿಸಿದರು. ಇಂಥಿಂಥ ದೋಷವಿದ್ದರೆ ಬರೀ ಗುಳಿಗೆಯಲ್ಲೇ ಹಿಡಿತಕ್ಕೆ ಬರುತ್ತದಂತೆ. ಸಿಗಲಿಲ್ಲ. ಜನ್ಮವಿಡೀ ದೋಷ ಹುಡುಕಿದವರಿಗೆ ಬೇಕಾದ ಒಂದು ದೋಷ ಸಿಗದೇ ಹೋಯಿತು! ಇನ್ನು ಉಳಿದದ್ದು ಇಮ್ಯುನೊಥೆರಪಿ. ಡಾಕ್ಟರು ತಿಳಿಸಿ ಹೇಳಿದರು: "ನಿಮ್ಮ ಮೈಯಾಗಿನ ಕಾವಲುಗಾರರು ಈ ಕಳ್ಳನ್ನ ನೋಡಿ ಸುಮ್ಮ ಕೂತಾರ್ರಿ. ಈ ಔಷಧ ಅವರನ್ನ ಎಬ್ಬಸ್ತದ."

"ನನ್ನ ಮೈಯಾಗ ಇದ್ದೂ ಸುಮ್ಮ ಕೂತಾರ?" ಕಾಕಾಗೆ ಅವಮಾನವೇ ಆಯಿತು.

"ಎದ್ದ ಮ್ಯಾಲ ಒಮ್ಮೊಮ್ಮೆ ಮನಿಯವರನ್ನೂ ಬಡೀತಾರ. ಉಬ್ಬಸ, ತುರಿಕಿ, ಭೇದಿ, ಏನ್ ಸಣ್ಣದಿದ್ರೂ ಲಗೂ ಹೇಳ್ರಿ. ಜೋರಾದ್ರ ಔಷಧ ನಿಲ್ಲಸಬೇಕಾಗ್ತದ."

ಕಾಕು ನಕ್ಕುಬಿಟ್ಟರು. "ಅದರ ಕಾಳಜಿ ಬಿಡ್ರಿ ಡಾಕ್ಟರ್ರ. ನೀವು ಕಿವಿ ಮುಚ್ಚಿಕೊಳ್ಳೂತನಕ ಹೇಳ್ತಾರ!"

ಸಲೈನಿನ ಹಾಗೆ ಔಷಧ ಏರಿಸಿದರು, ಕೆಲವು ವಾರ ಬಿಟ್ಟು ಮತ್ತೊಮ್ಮೆ, ಮಗದೊಮ್ಮೆ. ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿತ್ತು. ಮನೆಯಲ್ಲಿ ಸಿಹಿ ಮಾಡಿದರು. ಅದು ಅತಿ ಸಿಹಿಯಾಗಿತ್ತು, ಆದರೆ ಕಾಕಾ ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ನೀರಿನ ಬಗ್ಗೆ ಮಾತಿಲ್ಲ, ರಸ್ತೆಯ ಬಗ್ಗೆ ಮಾತಿಲ್ಲ. ಗೇಟಿಗೂ ಬರಲಿಲ್ಲ. ಕೇಳಿದರೆ "ಆರಾಮ ಅದೀನಿ" ಎಂಬ ಒಂದೇ ಉತ್ತರ. ಬಂಧುಗಳಿಗೆ ಎಂಥ ಸಂಭ್ರಮ! "ಜಡ್ಡು ಮನಿಶ್ಯಾನ್ನ ಹ್ಯಾಂಗ ತಿದ್ದತದ ನೋಡ್ರಿ, ಎಷ್ಟ ಶಾಂತ ಆಗ್ಯಾರ," ಎಂದು ಒಬ್ಬರು ನನ್ನ ಬೆನ್ನು ತಟ್ಟಿ ಹೇಳಿದರು. ಕ್ಯಾನ್ಸರು ಮನುಷ್ಯನನ್ನು ತಿದ್ದುವ ಮಾಸ್ತರನೇ? ಅವರ ನಾಲಿಗೆ ಸೇದಿಹೋಗಲಿ ಎಂದು ಮನಸ್ಸಿನಲ್ಲೇ ಶಪಿಸಿದೆ.

ಕಾಕುವಿಗೆ ಮಾತ್ರ ಈ ಶಾಂತಿ ರುಚಿಸಲಿಲ್ಲ. ಒಂದು ಮಧ್ಯಾಹ್ನ ನಾನೂ ಊಟಕ್ಕಿದ್ದೆ. ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಡಿಸಿ, ಕಾಕಾರ ಮುಖ ನೋಡುತ್ತ ಕುಳಿತರು. ನಾನು ಒಂದು ತುತ್ತಿಗೇ ಮುಖ ಕಿವಿಚಿದೆ. ಕಾಕಾ ಸುರಿದುಕೊಂಡು ಉಂಡು, "ಛಲೋ ಆಗೇದ," ಎಂದರು.

ಕಾಕು ಸೌಟು ಕೆಳಗಿಟ್ಟು ಎದ್ದೇಬಿಟ್ಟರು. "ಇವರಿಗೆ ಏನೋ ಆಗೇದಪಾ, ಲಗೂ ಗಾಡಿ ತಗಿ!" ಆಗಲೇ ನಾನೂ ಗಮನಿಸಿದ್ದು, ತುತ್ತಿಗೂ ತುತ್ತಿಗೂ ನಡುವೆ ಅವರು ಉಸಿರಿಗಾಗಿ ನಿಲ್ಲುತ್ತಿದ್ದರು.

ಆಸ್ಪತ್ರೆಯಲ್ಲಿ ತಿಳಿಯಿತು, ಎಚ್ಚೆತ್ತ ಕಾವಲುಗಾರರು ಶ್ವಾಸಕೋಶವನ್ನೇ ಬಡಿಯತೊಡಗಿದ್ದರು. ಇನ್ನಷ್ಟು ತಡಮಾಡಿದ್ದರೆ ಕಷ್ಟವಿತ್ತಂತೆ. ಸ್ಟೀರಾಯ್ಡ್ ಶುರುಮಾಡಿದರು. ಉಸಿರು ಹಿಡಿತಕ್ಕೆ ಬಂತು, ಆದರೆ ಗಡ್ಡೆ ಕುಗ್ಗಿಸಿದ ಆ ಔಷಧ ಇನ್ನು ಕೊಡುವಂತಿಲ್ಲ ಎಂದರು. ಡಾಕ್ಟರು ಸಿಟ್ಟಿನಿಂದ, "ಇಷ್ಟು ದಿನ ಯಾಕ ಹೇಳಲಿಲ್ರಿ?" ಎಂದು ಕೇಳಿದರೆ ಕಾಕಾ ಗೋಡೆ ನೋಡುತ್ತ ಮಲಗಿದ್ದರು.

ಡಾಕ್ಟರು ಹೋದ ಮೇಲೆ ಕಾಕು ಅದನ್ನೇ ಮೆಲ್ಲಗೆ ಕೇಳಿದರು. ಕಾಕಾ ಆಕ್ಸಿಜನ್ ಮಾಸ್ಕು ಸರಿಸಿದರು.

"ಹೇಳಿದ್ರ ಔಷಧ ನಿಲ್ಲಸ್ತಿದ್ರು." ಸ್ವಲ್ಪ ಉಸಿರೆಳೆದುಕೊಂಡರು. "ಈ ಊರು, ಈ ಮಂದಿ, ನಿನ್ನ ಕೈ ಅಡಗಿ... ನನಗ ಇನ್ನೂ ಬೇಕಾಗೇದ. ಸಾಯಾಕ ಮನಸ್ಸಿಲ್ಲ."

ಕಾಕು ಮಾಸ್ಕನ್ನು ಮತ್ತೆ ಮುಖದ ಮೇಲಿಟ್ಟು, ಅದು ಜಾರದಂತೆ ಕೈಯಿಂದ ಹಿಡಿದುಕೊಂಡೇ ಕುಳಿತರು.